ನೆಲ ನೋಡಿ ಕಟ್ಟಿದ ವಿಶ್ವೇಶ್ವರಯ್ಯನವರು



ನಿಮ್ಮಲ್ಲಿ ಹಲವರ ಮಕ್ಕಳೋ ನೆಂಟರೋ ಬೆಂಗಳೂರಿನ ಹೊಸ ತಿಪ್ಪಸಂದ್ರದಲ್ಲಿರಬಹುದು. ಅಲ್ಲಿಗೆ ಸಮೀಪದ ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಆರಂಭವಾದ ದೊಡ್ಡ ರೈಲು ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಟ್ಟಿದ್ದಾರೆ. ಆ ಬಡಾವಣೆಯ ನಲ್ಲಿಗಳಿಗೆ ಸುಮಾರು ನೂರು ಕಿಲೋಮೀಟರು ದೂರದಿಂದ ಬರುವುದು ಕಾವೇರಿಯ ನೀರು. ಆ ಕಾವೇರಿಗೆ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಯೋಜನೆ ಹಾಕಿದವರೂ ಅವರೇ. ಹೊಂಡ ತೋಡುವ, ಏರಿ ಹಾಕುವ ರೈತನಿಗೂ ಅವರ ಬಾಳಿನಲ್ಲಿ ಪಾಠವಿದೆ.

ಹುಟ್ಟೂರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಮನೆಪಾಠ ಹೇಳಿ ಬೆಂಗಳೂರಿನಲ್ಲಿ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು.

ಹತ್ತು ವರ್ಷಗಳ ನಂತರ ಅವರನ್ನು ಸಿಂಧೂ ನದಿಯ ದಡದ ಸಕ್ಕರ್ ಊರಿಗೆ ಕಳುಹಿಸಲಾಯಿತು. ನದಿಯ ನೀರು ಕೆಸರು. ಶುದ್ಧಿ ಮಾಡುವ ತೊಟ್ಟಿಗಳಿಗೆ ಊರಿನ ಬಳಿ ಹಣವಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನಲ್ಲಿ ಬಸಿದು ಬಂದ ನೀರು ತಿಳಿಯಾಗಿತ್ತು. ತೊಟ್ಟಿಯ ಕೆಲಸವನ್ನು ನೆಲವೇ ಮಾಡಿತು!

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. 1911ರಲ್ಲಿ ಕನ್ನಂಬಾಡಿ ಕೆಲಸ ಮೊದಲಾಯಿತು. ಮದರಾಸಿನವರ ಆಕ್ಷೇಪಣೆಯಿಂದ 80 ಅಡಿ ಎತ್ತರಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ಆದರೂ ತಳಪಾಯವನ್ನು ದೊಡ್ಡ ಕಟ್ಟೆಗೆ ಬೇಕಾದ 111 ಅಡಿ ಅಗಲಕ್ಕೇ ಹಾಕಿಸಿದರು. ಮುಂದೆ ಒಪ್ಪಿಗೆ ಸಿಗದಿದ್ದರೆ ಆ ಖರ್ಚೆಲ್ಲ ದಂಡ. ಆದರೆ ಗೋಡೆಯನ್ನು ಆಮೇಲೆ ಏರಿಸಬಹುದು, ಮೇಲೆ ಭಾರ ಕೂತ ತಳಪಾಯವನ್ನು ಹಿಗ್ಗಿಸುವುದು ಸುಲಭವೇ? 1924ರಲ್ಲಿ ಒಪ್ಪಂದವಾಯಿತು. ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಎದ್ದ ಆ ಕಟ್ಟೆ 130 ಅಡಿ ಮುಟ್ಟಿ ಇಂದೂ ನಿಂತಿದೆ.

1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಹೆಬ್ಬಾಳದ ಕೃಷಿ ಶಾಲೆ 1913ರಲ್ಲಿ ಆರಂಭವಾದದ್ದು ಆಗಲೇ. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಕಾಲವಾದರು.

ಬೆಂಗಳೂರಿನ ನೆಲದಲ್ಲಿ ಮೆದು ಮಣ್ಣಿನ ಮಗ್ಗುಲಲ್ಲೇ ಕಗ್ಗಲ್ಲು. ಶಿವಾಜಿನಗರದ ಅಡಿಯಲ್ಲಿ ಮೆಟ್ರೋ ಸುರಂಗ ತೋಡುವಾಗಲೂ ಮೊದಲು ನೆಲ ಕೊರೆದು ನೋಡಲೇಬೇಕಾಯಿತು. ಸಾಲ ತಂದು ಹೊಂಡ ತೋಡಿಸುವ ನಾವು ಮಾತ್ರ ನೋಡದೆ ತೋಡುವುದು ಸರಿಯೇ?

ಮೊದಲು ಆಳುದ್ದ ಗುಂಡಿ ತೆಗೆಯಿರಿ. ಸಂಜೆ ನೀರು ತುಂಬಿ ಬೆಳಿಗ್ಗೆ ನೋಡಿ. ಗೊರಚು ಮಣ್ಣಾದರೆ ನೀರು ಬಹುಪಾಲು ಇಂಗಿರುತ್ತದೆ. ಅಲ್ಲಿ ಜೇಡಿಮಣ್ಣಿನ ಹೊದಿಕೆ ಬೇಕು, ಇಲ್ಲವೇ ಜಾಗ ಬದಲಿಸಬೇಕು. ಏರಿ ಹಾಕುವಲ್ಲಿ ಮೇಲ್ಮಣ್ಣು, ಬೇರು ತೆಗೆದು, ಗಟ್ಟಿ ನೆಲದವರೆಗೆ ಕಾಲುವೆ ತೋಡಿ ಜೇಡಿಮಣ್ಣು ತುಂಬಿ. ಅರ್ಧ ಅಡಿಗೊಂದು ಸಲ ನೀರು ಚಿಮುಕಿಸಿ ದಿಮ್ಮಿಸಿ. ಅನುಮಾನವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಏರಿ ಒಡೆದರೆ ಹೋಗುವುದು ನೀರು ಮಾತ್ರವಲ್ಲ, ಕೆಳಗಿನವರ ಪೈರೂ ಹೋದೀತು.