ಅಲ್ ಶುಗಾರ್ಟ್: ತಿರುಗುವ ತಟ್ಟೆಗಳಿಗೆ ವೇಗ ತುಂಬಿದ ಸಾಹಸಿ

ಸ್ಟೀವ್ ಜಾಬ್ಸ್, ಬಿಲ್ ಗೇಟ್ಸ್ ಹೆಸರು ಕೇಳದವರು ವಿರಳ. ಆದರೆ ಅವರ ಕಾಲದ ಪುಟ್ಟ ಕಂಪ್ಯೂಟರುಗಳಿಗೆ ಮಾಹಿತಿಯ ಉಗ್ರಾಣ ಒದಗಿಸಿದವರು ಅಲನ್ ಫೀಲ್ಡ್ ಶುಗಾರ್ಟ್. ಫ್ಲಾಪಿ ಮತ್ತು ಹಾರ್ಡ್ ಡಿಸ್ಕ್ ಎರಡರ ಇತಿಹಾಸದಲ್ಲೂ ಅಚ್ಚೊತ್ತಿದ ಹೆಸರು ಅವರದು. ತಾವೇ ಕಟ್ಟಿದ ಎರಡು ಸಂಸ್ಥೆಗಳಿಂದ ಹೊರಬಿದ್ದವರೂ ಅವರೇ.

ಅಕ್ಷರಗಳ ಕಾಲ

ಶುಗಾರ್ಟ್ ಜನಿಸಿದ್ದು 1930ರ ಸೆಪ್ಟೆಂಬರ್ 27ರಂದು, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. 1951ರಲ್ಲಿ ರೆಡ್‌ಲ್ಯಾಂಡ್ಸ್ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಭೌತಶಾಸ್ತ್ರದಲ್ಲಿ ಪದವಿ ಪಡೆದರು. ಅದೇ ವರ್ಷ ಐಬಿಎಂ ಸೇರಿ, ಗ್ರಾಹಕರ ಕಚೇರಿಗಳಿಗೆ ಹೋಗಿ ಯಂತ್ರ ದುರಸ್ತಿ ಮಾಡುವ ಕೆಲಸದಲ್ಲಿ ತೊಡಗಿದರು. ಕೆಲವೇ ವರ್ಷಗಳಲ್ಲಿ ಸ್ಯಾನ್ ಹೋಸೆಯ ಪ್ರಯೋಗಾಲಯ ಅವರನ್ನು ಬರಮಾಡಿಕೊಂಡಿತು.

ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಸಿದ್ಧವಾಗುತ್ತಿದ್ದುದು ಅಲ್ಲಿಯೇ. 1956ರಲ್ಲಿ ಹೊರಬಂದ 'ರಾಮ್ಯಾಕ್' ಯಂತ್ರದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅದು 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿತ್ತು. ಸೆಕೆಂಡಿಗೆ 8,800 ಅಕ್ಷರಗಳನ್ನು ಓದಿ ಕೊಡುತ್ತಿತ್ತು.

ಈ ಸಂಖ್ಯೆಯನ್ನು ಇಂದಿನ ಲೆಕ್ಕಕ್ಕೆ ನೇರವಾಗಿ ತರುವಂತಿಲ್ಲ. ಇಂದಿನ ಬೈಟ್ ಎಂದರೆ 8 ಬಿಟ್. ರಾಮ್ಯಾಕ್‌ನ ಅಕ್ಷರದಲ್ಲಿ ಮಾಹಿತಿಗೆ ಇದ್ದುದು 6 ಬಿಟ್ ಮಾತ್ರ. 8,800ನ್ನು 6ರಿಂದ ಗುಣಿಸಿದರೆ ಸೆಕೆಂಡಿಗೆ 52,800 ಬಿಟ್. ಅದನ್ನು 8ರಿಂದ ಭಾಗಿಸಿದರೆ 6,600 ಬೈಟ್. ಆ ವೇಗದಲ್ಲಿ, ಓದುವ ತೋಳು ಸರಿದಾಡುವ ಸಮಯ ಬಿಟ್ಟರೂ, ಇಡೀ ಯಂತ್ರವನ್ನು ಓದಿ ಮುಗಿಸಲು ಸುಮಾರು ಒಂಬತ್ತೂವರೆ ನಿಮಿಷ ಬೇಕಾಗುತ್ತಿತ್ತು.

ಮೊದಲ ನಿರ್ಗಮನ

ಐಬಿಎಂನಲ್ಲಿ ಶುಗಾರ್ಟ್ ಶೀಘ್ರವಾಗಿ ಮೇಲೇರಿದರು. ಫ್ಲಾಪಿಯನ್ನು ರೂಪಿಸಿದ ತಂಡ ಅವರ ವಿಭಾಗದ್ದೇ ಆಗಿತ್ತು. 1969ರಲ್ಲಿ ಅವರು ಮೆಮೊರೆಕ್ಸ್ ಸೇರಿದರು. 1973ರಲ್ಲಿ ಶುಗಾರ್ಟ್ ಅಸೋಸಿಯೇಟ್ಸ್ ಸ್ಥಾಪಿಸಿದರಾದರೂ ಮರುವರ್ಷವೇ ಅಲ್ಲಿಂದ ಹೊರಬಿದ್ದರು. ಮುಂದಿನ ಕೆಲವು ವರ್ಷ ಸಲಹೆಗಾರರಾಗಿ ದುಡಿದರು, ದೋಣಿಯೊಂದನ್ನು ಕೊಂಡು ಮೀನು ಹಿಡಿದರು, ಪಾಲುದಾರಿಕೆಯಲ್ಲಿ ಬಾರ್ ಒಂದನ್ನೂ ನಡೆಸಿದರು.

ಅವರ ಹೆಸರು ಹೊತ್ತ ಸಂಸ್ಥೆ ಮಾತ್ರ ಅವರಿಲ್ಲದೆಯೇ ಬೆಳೆಯಿತು. 1976ರಲ್ಲಿ ಅದು ತಂದ ಐದೂಕಾಲು ಇಂಚಿನ ಫ್ಲಾಪಿ ಡ್ರೈವ್‌ನ ವೇಗ ಸೆಕೆಂಡಿಗೆ 1,25,000 ಬಿಟ್, ಅಂದರೆ 15,625 ಬೈಟ್. ಆಪಲ್ ಸಂಸ್ಥೆಯ ಮೊದಲ ಫ್ಲಾಪಿ ಡ್ರೈವ್‌ನ ಯಂತ್ರಭಾಗ ಬಂದದ್ದೂ ಇದೇ ಸಂಸ್ಥೆಯಿಂದ.

ಎರಡು ಐದುಗಳ ಗೊಂದಲ

1979ರಲ್ಲಿ ಫಿನಿಸ್ ಕಾನರ್ ಜೊತೆಗೂಡಿ ಶುಗಾರ್ಟ್ ಮತ್ತೊಂದು ಸಂಸ್ಥೆ ಆರಂಭಿಸಿದರು. ಹಳೆಯ ಸಂಸ್ಥೆಯೊಡನೆ ಹೆಸರಿನ ತಕರಾರು ಬಾರದಂತೆ ಅದಕ್ಕೆ ಸೀಗೇಟ್ ಎಂದು ನಾಮಕರಣವಾಯಿತು. 1980ರಲ್ಲಿ ಬಂದ ಅದರ ಎಸ್‌ಟಿ-506, ಐದೂಕಾಲು ಇಂಚಿನ ಗಾತ್ರದ ಮೊದಲ ಹಾರ್ಡ್ ಡಿಸ್ಕ್. ಅದರ ವೇಗ ಸೆಕೆಂಡಿಗೆ 5 ಮೆಗಾಬಿಟ್.

ಇತ್ತ ಶುಗಾರ್ಟ್ ಅಸೋಸಿಯೇಟ್ಸ್ ಡ್ರೈವ್‌ಗಳ ಜೋಡಣೆಗೆಂದು 'ಸಾಸಿ' ಎಂಬ ವ್ಯವಸ್ಥೆ ರೂಪಿಸಿತು. ಅದೇ ಬೆಳೆದು 1986ರಲ್ಲಿ 'ಸ್ಕಸಿ' ಎಂಬ ಅಧಿಕೃತ ಮಾನದಂಡವಾಯಿತು. ಅದರ ಗರಿಷ್ಠ ವೇಗ ಸೆಕೆಂಡಿಗೆ 5 ಮೆಗಾಬೈಟ್.

ಎರಡರಲ್ಲೂ ಇರುವುದು ಐದೇ. ಆದರೆ 5 ಮೆಗಾಬೈಟ್ ಎಂದರೆ 40 ಮೆಗಾಬಿಟ್. ಅಂತರ ಎಂಟು ಪಟ್ಟು. ಎಸ್‌ಟಿ-506ರ ವೇಗವನ್ನು ಬೈಟ್‌ಗೆ ಪರಿವರ್ತಿಸಿದರೆ ಸಿಗುವುದು 6,25,000 ಮಾತ್ರ. ಸಾವಿರಕ್ಕೆ ಒಂದು ಕಿಲೋಬೈಟ್ ಎಂದು ಹಿಡಿದರೆ ಅದು 625 ಕಿಲೋಬೈಟ್, 1,024ಕ್ಕೆ ಒಂದು ಎಂದು ಹಿಡಿದರೆ ಸುಮಾರು 610.

ಬಳಕೆದಾರನಿಗೆ ಅದೂ ಪೂರ್ತಿಯಾಗಿ ದಕ್ಕುತ್ತಿರಲಿಲ್ಲ. ತಟ್ಟೆ ಸೆಕೆಂಡಿಗೆ 60 ಸುತ್ತು ತಿರುಗುತ್ತಿತ್ತು. ಒಂದು ಸುತ್ತಿನಲ್ಲಿ ಸಾಗುವ ಸುಮಾರು 10,416 ಬೈಟ್‌ಗಳಲ್ಲಿ ನಿಜವಾದ ಮಾಹಿತಿಗೆ ಮೀಸಲಾದದ್ದು 8,192. ಉಳಿದದ್ದು ಗುರುತು ಮತ್ತು ಖಾಲಿ ಜಾಗಕ್ಕೆ ವ್ಯಯವಾಗುತ್ತಿತ್ತು. ಹೀಗಾಗಿ ಕೈಗೆ ಬರಬಹುದಾದ ಗರಿಷ್ಠ ವೇಗ ಸೆಕೆಂಡಿಗೆ 4,91,520 ಬೈಟ್. ಆದರೂ 50 ಲಕ್ಷ ಬೈಟ್‌ಗಳ ಇಡೀ ಡಿಸ್ಕನ್ನು ಓದಲು, ತೋಳಿನ ಚಲನೆ ಹೊರತುಪಡಿಸಿದರೆ, ಹತ್ತು ಸೆಕೆಂಡಿನಷ್ಟೇ ಸಾಕು. ರಾಮ್ಯಾಕ್‌ನಿಂದ ಇಲ್ಲಿಗೆ ಬರಲು ಹಿಡಿದದ್ದು 24 ವರ್ಷ.

ಈ ಲೆಕ್ಕ ಕೇವಲ ಕುತೂಹಲದ್ದಲ್ಲ. ಹಳೆಯ ಫ್ಲಾಪಿಗಳ ಕಾಂತಲೇಪ ವರ್ಷಗಳು ಕಳೆದಂತೆ ಸವೆಯುತ್ತದೆ, ಉದುರುತ್ತದೆ. ಅವುಗಳಲ್ಲಿನ ದಾಖಲೆ ಉಳಿಸಹೊರಟವರಿಗೆ ಓದುವ ಅವಕಾಶ ಕೆಲವೇ ಬಾರಿ ಸಿಗಬಹುದು. ನಿಮಿಷಕ್ಕೆ 300 ಸುತ್ತಿನ ಡ್ರೈವ್‌ನಲ್ಲಿ ಸೆಕೆಂಡಿಗೆ 250 ಕಿಲೋಬಿಟ್‌ನಂತೆ ಬರೆದ ಫ್ಲಾಪಿ, 360 ಸುತ್ತಿನ ಡ್ರೈವ್‌ನಲ್ಲಿ 300 ಕಿಲೋಬಿಟ್ ವೇಗದಲ್ಲಿ ಹೊರಬರುತ್ತದೆ. ಓದುವ ಸಾಧನಕ್ಕೆ ಇದನ್ನು ತಿಳಿಸದಿದ್ದರೆ ಸರಿಯಿರುವ ಮಾಹಿತಿಯೂ ಕೆಟ್ಟಂತೆ ತೋರುತ್ತದೆ.

ಕೊನೆಯ ದಿನಗಳು

1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ ಸೀಗೇಟ್‌ನ 10 ಮೆಗಾಬೈಟ್ ಡ್ರೈವ್ ಸೇರಿದ ಮೇಲೆ ಸಂಸ್ಥೆ ಎತ್ತರಕ್ಕೇರಿತು. ಶುಗಾರ್ಟ್ ಹಾಸ್ಯಪ್ರಿಯರು. ರಾಜಕಾರಣಿಗಳ ಮೇಲಿನ ಬೇಸರಕ್ಕೆ 1996ರಲ್ಲಿ ತಮ್ಮ ನಾಯಿ ಅರ್ನೆಸ್ಟ್‌ನನ್ನೇ ಅಮೆರಿಕದ ಕಾಂಗ್ರೆಸ್ ಚುನಾವಣೆಗೆ ನಿಲ್ಲಿಸಲು ಯತ್ನಿಸಿದ್ದರು. 1998ರಲ್ಲಿ ಆಡಳಿತ ಮಂಡಳಿ ಅವರನ್ನು ಸೀಗೇಟ್‌ನಿಂದಲೂ ಹೊರಕಳಿಸಿತು. ಆಗ ಅವರ ವಯಸ್ಸು 67. ಸುಮ್ಮನೆ ಕೂರದೆ ಹೊಸ ಕಂಪನಿಗಳಿಗೆ ನೆರವಾಗುವ ಉದ್ಯಮವೊಂದನ್ನು ತೆರೆದರು.

2006ರ ಡಿಸೆಂಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ, 76ನೇ ವಯಸ್ಸಿನಲ್ಲಿ, ಶುಗಾರ್ಟ್ ನಿಧನರಾದರು. ಅವರನ್ನು ಮೊದಲು ಕಳೆದುಕೊಂಡ ಸಂಸ್ಥೆ ಬಹಳ ಹಿಂದೆಯೇ ಕಣ್ಮರೆಯಾಗಿದೆ. ಸೀಗೇಟ್ ಇಂದಿಗೂ ಹಾರ್ಡ್ ಡಿಸ್ಕ್ ತಯಾರಿಸುತ್ತಿದೆ.