ಕ್ರಿಸ್ಟಲ್ ಈಸ್ಟ್‌ಮನ್

ಕ್ರಿಸ್ಟಲ್ ಈಸ್ಟ್‌ಮನ್ (ಜೂನ್ 25, 1881 – ಜುಲೈ 1928) ಅಮೆರಿಕ ಸಂಯುಕ್ತ ಸಂಸ್ಥಾನದ ವಕೀಲೆ, ಸಮಾಜ ಸಂಶೋಧಕಿ, ಪತ್ರಕರ್ತೆ ಹಾಗೂ ಮಹಿಳಾ ಮತಾಧಿಕಾರ ಚಳವಳಿಯ ನಾಯಕಿ. ದುಡಿಮೆಯ ಸ್ಥಳದಲ್ಲಿ ಸಂಭವಿಸುವ ಅಪಘಾತಗಳ ಕುರಿತ ಇವರ ಅಧ್ಯಯನ ಮತ್ತು ನ್ಯೂಯಾರ್ಕ್ ರಾಜ್ಯದ 1910ರ ಕಾರ್ಮಿಕ ಪರಿಹಾರ ಕಾಯ್ದೆಯ ರಚನೆಯಲ್ಲಿ ಇವರು ವಹಿಸಿದ ಪಾತ್ರ ಅಮೆರಿಕದ ಕಾರ್ಮಿಕ ಕಾನೂನಿನ ಇತಿಹಾಸದಲ್ಲಿ ಮುಖ್ಯವಾದವು. ಯುದ್ಧವಿರೋಧಿ ಮತ್ತು ಸಮಾಜವಾದಿ ಹೋರಾಟಗಾರ್ತಿಯಾಗಿ ಇವರ ಹೆಸರು ಹೆಚ್ಚು ಪ್ರಚಲಿತವಾಗಿರುವುದರಿಂದ ಈ ಆರಂಭದ ಕೆಲಸ ಹಲವು ವೇಳೆ ಹಿನ್ನೆಲೆಗೆ ಸರಿದಿದೆ.

ಬಾಲ್ಯ ಮತ್ತು ಶಿಕ್ಷಣ

ಈಸ್ಟ್‌ಮನ್ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಲ್‌ಬರೋದಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್ ಮತ್ತು ತಾಯಿ ಆ್ಯನಿಸ್ ಇಬ್ಬರೂ ಕ್ರೈಸ್ತ ಧರ್ಮೋಪದೇಶಕರು. ಮಹಿಳೆಯರಿಗೆ ಪಾದ್ರಿ ದೀಕ್ಷೆ ಅಪರೂಪವಾಗಿದ್ದ ಕಾಲದಲ್ಲಿ, 1889ರಲ್ಲಿ, ತಾಯಿಗೆ ಆ ದೀಕ್ಷೆ ದೊರೆತಿತ್ತು. ಕುಟುಂಬವು ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ನೆಲೆಸಿತು. ಮುಂದೆ ಲೇಖಕರಾಗಿ ಪ್ರಸಿದ್ಧರಾದ ಮ್ಯಾಕ್ಸ್ ಈಸ್ಟ್‌ಮನ್ ಇವರ ತಮ್ಮ. ಕ್ರಿಸ್ಟಲ್ 1903ರಲ್ಲಿ ವಾಸರ್ ಕಾಲೇಜಿನಿಂದ ಪದವಿ, 1904ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1907ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ತರಗತಿಗೆ ಎರಡನೆಯವರಾಗಿ ತೇರ್ಗಡೆಯಾದರು.

ಪಿಟ್ಸ್‌ಬರ್ಗ್ ಸಮೀಕ್ಷೆ

1907ರಲ್ಲಿ ಪಾಲ್ ಕೆಲಾಗ್ ಅವರ ನೇತೃತ್ವದಲ್ಲಿ ಉಕ್ಕಿನ ನಗರವಾದ ಪಿಟ್ಸ್‌ಬರ್ಗ್‌ನ ಜನಜೀವನದ ಬೃಹತ್ ಸಮೀಕ್ಷೆ ಆರಂಭವಾಯಿತು. ಅದರಲ್ಲಿ ಅಪಘಾತಗಳ ವಿಭಾಗ ಈಸ್ಟ್‌ಮನ್ ಅವರ ಪಾಲಿಗೆ ಬಂದಿತು. ಅಲಿಗೆನಿ ಜಿಲ್ಲೆಯಲ್ಲಿ ಜುಲೈ 1906ರಿಂದ ಜೂನ್ 1907ರವರೆಗಿನ ಹನ್ನೆರಡು ತಿಂಗಳಲ್ಲಿ ಕೆಲಸದ ವೇಳೆ ಮೃತಪಟ್ಟವರೆಲ್ಲರ ವಿವರಗಳನ್ನು ಅಪಮೃತ್ಯು ತನಿಖಾಧಿಕಾರಿಯ ದಾಖಲೆಗಳಿಂದ ಅವರು ಸಂಗ್ರಹಿಸಿದರು. ಒಟ್ಟು ಸಾವುಗಳು 526. ಇವರಲ್ಲಿ 195 ಮಂದಿ ಉಕ್ಕಿನ ಕಾರ್ಖಾನೆಗಳವರು, 125 ಮಂದಿ ರೈಲ್ವೆಯವರು, 71 ಮಂದಿ ಗಣಿ ಕಾರ್ಮಿಕರು. ಇದಲ್ಲದೆ ಮೂರು ತಿಂಗಳ ಅವಧಿಯಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ 509 ಮಂದಿಯ ಸ್ಥಿತಿಯನ್ನೂ ಪರಿಶೀಲಿಸಲಾಯಿತು.

ಈ ಅಧ್ಯಯನದ ವೈಶಿಷ್ಟ್ಯವಿರುವುದು ಸಾವುಗಳ ಎಣಿಕೆಯಲ್ಲಿ ಅಲ್ಲ, ಸಾವಿನ ನಂತರದ ವಿಚಾರಣೆಯಲ್ಲಿ. ಈಸ್ಟ್‌ಮನ್ ಮತ್ತು ಅವರ ಸಹಾಯಕರು ಮೃತರ ಮನೆಗಳಿಗೆ ಹೋಗಿ, ಮಾಲೀಕರಿಂದ ಎಷ್ಟು ಹಣ ಬಂತು, ವಿಧವೆ ಯಾವ ಕೆಲಸಕ್ಕೆ ಸೇರಿದಳು, ಮಕ್ಕಳು ಶಾಲೆ ಬಿಟ್ಟರೇ ಎಂಬುದನ್ನು ಕೇಳಿ ತಿಳಿದರು. ವಿವಾಹಿತರಾಗಿದ್ದ ಮೃತರ ಕುಟುಂಬಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಮಾಲೀಕರಿಂದ ದೊರೆತದ್ದು 100 ಡಾಲರ್ ಅಥವಾ ಅದಕ್ಕೂ ಕಡಿಮೆ. ಹಲವು ಕುಟುಂಬಗಳಿಗೆ ಏನೂ ದೊರೆತಿರಲಿಲ್ಲ. ಅಪಘಾತಗಳಿಗೆಲ್ಲ ಕಾರ್ಮಿಕರ ಅಜಾಗರೂಕತೆಯೇ ಕಾರಣವೆಂಬ ಅಂದಿನ ರೂಢಿಯ ನಂಬಿಕೆಯನ್ನೂ ಅವರು ಒಂದೊಂದು ಪ್ರಕರಣವನ್ನಿಟ್ಟುಕೊಂಡು ಪರೀಕ್ಷಿಸಿದರು. ಅದಕ್ಕೆ ಆಧಾರ ಸಾಲದೆಂದೂ, ಅಜಾಗರೂಕತೆ ಕಂಡಲ್ಲಿಯೂ ದೀರ್ಘ ದುಡಿಮೆ, ಶಾಖ, ಸದ್ದು ಮತ್ತು ಕೆಲಸದ ವೇಗ ಅದರ ಹಿಂದಿರುವುದೆಂದೂ ತೋರಿಸಿದರು. ಫಲಿತಾಂಶಗಳು 1910ರಲ್ಲಿ 'ವರ್ಕ್ ಆ್ಯಕ್ಸಿಡೆಂಟ್ಸ್ ಆ್ಯಂಡ್ ದಿ ಲಾ' ಎಂಬ ಗ್ರಂಥವಾಗಿ, ಲೂಯಿಸ್ ಹೈನ್ ಅವರ ಛಾಯಾಚಿತ್ರಗಳೊಂದಿಗೆ ಪ್ರಕಟವಾದವು.

ಹಳೆಯ ಹೊಣೆಗಾರಿಕೆ ಪದ್ಧತಿ

ಆಗಿನ ಕಾನೂನಿನಂತೆ ಗಾಯಗೊಂಡ ಕಾರ್ಮಿಕನು ನ್ಯಾಯಾಲಯಕ್ಕೆ ಹೋಗಿ ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಿತ್ತು. ಮಾಲೀಕನಿಗೆ ಮೂರು ರಕ್ಷಣೆಗಳಿದ್ದವು: ಅಪಾಯವನ್ನು ತಿಳಿದೇ ಕಾರ್ಮಿಕನು ಕೆಲಸಕ್ಕೆ ಸೇರಿದ್ದಾನೆ ಎಂಬುದು, ತಪ್ಪು ಸಹಕಾರ್ಮಿಕನದು ಎಂಬುದು, ಗಾಯಗೊಂಡವನದೂ ಸ್ವಲ್ಪ ತಪ್ಪಿದೆ ಎಂಬುದು. ಇವುಗಳಲ್ಲಿ ಒಂದು ನಿಂತರೂ ದಾವೆ ಬಿದ್ದುಹೋಗುತ್ತಿತ್ತು.

ಹಾಗೆಂದು ಈ ಪದ್ಧತಿ ಮಾಲೀಕರಿಗೆ ಲಾಭಕರವಾಗಿತ್ತೆಂದು ಹೇಳಲಾಗದು. ಅಪರೂಪಕ್ಕೆ ಕಾರ್ಮಿಕನು ಗೆದ್ದರೆ ದೊಡ್ಡ ಮೊತ್ತದ ತೀರ್ಪು ಬರಬಹುದಿತ್ತು. ಆ ಅನಿಶ್ಚಿತತೆಗೆ ಅಂಜಿ ಅನೇಕರು ಹೊಣೆಗಾರಿಕೆ ವಿಮೆ ಮಾಡಿಸುತ್ತಿದ್ದರು. ಆದರೆ ಮಾಲೀಕರು ತೆತ್ತ ವಿಮಾ ಕಂತಿನಲ್ಲಿ ಸುಮಾರು 36 ಪ್ರತಿಶತ ಮಾತ್ರ ಪರಿಹಾರ ರೂಪದಲ್ಲಿ ಪಾವತಿಯಾಗುತ್ತಿತ್ತೆಂದು ನ್ಯೂಯಾರ್ಕ್‌ನ ಆಯೋಗ ಕಂಡುಕೊಂಡಿತು. ಉಳಿದ ಹಣ ಕಂಪನಿಗಳ ಆಡಳಿತ, ದಲ್ಲಾಳಿ, ವಕೀಲರ ವೆಚ್ಚ ಮತ್ತು ಲಾಭಕ್ಕೆ ಸಲ್ಲುತ್ತಿತ್ತು.

ನ್ಯೂಯಾರ್ಕ್ ಆಯೋಗ ಮತ್ತು 1910ರ ಕಾಯ್ದೆ

1909ರಲ್ಲಿ ನ್ಯೂಯಾರ್ಕ್ ಗವರ್ನರ್ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರು ಈಸ್ಟ್‌ಮನ್ ಅವರನ್ನು ಮಾಲೀಕರ ಹೊಣೆಗಾರಿಕೆ ಕುರಿತ ಆಯೋಗಕ್ಕೆ ನೇಮಿಸಿದರು. 14 ಸದಸ್ಯರ ಈ ಆಯೋಗದಲ್ಲಿ ಅವರು ಏಕೈಕ ಮಹಿಳೆ. ಕಾರ್ಯದರ್ಶಿಯ ಹೊಣೆಯೂ ಅವರದೇ ಆಯಿತು. ತಪ್ಪು ಯಾರದೆಂದು ಹುಡುಕುವ ಬದಲು, ಯಂತ್ರದ ಸವಕಳಿಯಂತೆ ಅಪಘಾತದ ನಷ್ಟವನ್ನೂ ಉದ್ಯಮದ ಖರ್ಚಿಗೆ ಸೇರಿಸಬೇಕೆಂಬುದು ಅವರ ನಿಲುವು. ಪ್ರತಿ ಗಾಯಕ್ಕೂ ಹಣ ತೆರಬೇಕಾದಾಗ ಅಪಘಾತ ತಡೆಯುವುದೇ ಮಾಲೀಕನಿಗೆ ಅಗ್ಗವಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ.

1910ರಲ್ಲಿ ಅಂಗೀಕಾರವಾದ ಕಾಯ್ದೆಯು ಸೇತುವೆ ನಿರ್ಮಾಣ, ಸುರಂಗ, ಸ್ಫೋಟಕ, ರೈಲ್ವೆ ಮೊದಲಾದ ಹೆಚ್ಚು ಅಪಾಯದ ಕೆಲವೇ ಉದ್ಯೋಗಗಳಿಗೆ ಕಡ್ಡಾಯವಾಗಿತ್ತು. ದುಡಿಯಲಾಗದವನಿಗೆ ವಾರದ ಕೂಲಿಯ ಅರ್ಧ, ಸಾವಿನ ಸಂದರ್ಭದಲ್ಲಿ ಅವಲಂಬಿತರಿಗೆ 1,200 ದಿನಗಳ ಕೂಲಿ (3,000 ಡಾಲರ್ ಮೀರದಂತೆ) ನಿಗದಿಯಾಯಿತು.

ಕಾಯ್ದೆ ಬಹುಕಾಲ ಉಳಿಯಲಿಲ್ಲ. ತಪ್ಪಿಲ್ಲದ ಮಾಲೀಕನಿಂದ ಹಣ ಕೊಡಿಸುವುದು ಕಾನೂನಿನ ಸೂಕ್ತ ಕ್ರಮವಿಲ್ಲದೆ ಆಸ್ತಿ ಕಸಿದಂತೆ ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯವು ಐವ್ಸ್ ವಿರುದ್ಧ ಸೌತ್ ಬಫಲೋ ರೈಲ್ವೆ ಮೊಕದ್ದಮೆಯಲ್ಲಿ ತೀರ್ಪಿತ್ತು, ಮಾರ್ಚ್ 24, 1911ರಂದು ಅದನ್ನು ಅಸಿಂಧುಗೊಳಿಸಿತು. ಮರುದಿನವೇ ನ್ಯೂಯಾರ್ಕ್ ನಗರದ ಟ್ರಯಾಂಗಲ್ ಸಿದ್ಧ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಅವರಲ್ಲಿ ಬಹುಪಾಲು ಯುವತಿಯರು. ಕಾಯ್ದೆ ಉಳಿದಿದ್ದರೂ ಹೊಲಿಗೆ ಕೆಲಸ ಅದರ ಕಡ್ಡಾಯ ಪಟ್ಟಿಯಲ್ಲಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

1913ರಲ್ಲಿ ರಾಜ್ಯ ಸಂವಿಧಾನಕ್ಕೆ ತಿದ್ದುಪಡಿ ತಂದು ಹೊಸ ಕಾಯ್ದೆಗೆ ದಾರಿ ಮಾಡಲಾಯಿತು. ಅದು 1914ರಲ್ಲಿ ಜಾರಿಗೆ ಬಂದಿತು. ಹಿಂದಿನದರಲ್ಲಿದ್ದ ಒಂದು ದೊಡ್ಡ ಕೊರತೆ, ಅಂದರೆ ಮಾಲೀಕನು ದಿವಾಳಿಯಾದರೆ ಪರಿಹಾರ ಕೊಡುವವರಾರು ಎಂಬ ಪ್ರಶ್ನೆ, ಇದರಲ್ಲಿ ನೀಗಿತು. ವ್ಯಾಪ್ತಿಗೆ ಬರುವ ಪ್ರತಿ ಮಾಲೀಕನೂ ರಾಜ್ಯದ ವಿಮಾ ನಿಧಿಯಲ್ಲಾಗಲಿ ವಿಮಾ ಕಂಪನಿಯಲ್ಲಾಗಲಿ ವಿಮೆ ಮಾಡಿಸಬೇಕು, ಇಲ್ಲವೇ ಸ್ವಂತ ಹಣದಿಂದಲೇ ಭರಿಸುವ ಸಾಮರ್ಥ್ಯವನ್ನು ಸಾಬೀತುಪಡಿಸಬೇಕು. ಇದಕ್ಕೆ ಪ್ರತಿಯಾಗಿ ಅವನಿಗೆ ದಾವೆಗಳಿಂದ ರಕ್ಷಣೆ ದೊರೆಯಿತು. 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಅಮೆರಿಕದ ಇತರ ರಾಜ್ಯಗಳಲ್ಲಿಯೂ ಮಾಲೀಕರ ವಿಮಾ ಹೊಣೆ ಬಹುಮಟ್ಟಿಗೆ ಇದೇ ಒಪ್ಪಂದದ ಮೇಲೆ ನಿಂತಿದೆ.

ನಂತರದ ಜೀವನ

1911ರಲ್ಲಿ ವಿಮಾ ಏಜೆಂಟ್ ವ್ಯಾಲೇಸ್ ಬೆನೆಡಿಕ್ಟ್ ಅವರನ್ನು ವಿವಾಹವಾಗಿ ಈಸ್ಟ್‌ಮನ್ ಮಿಲ್ವಾಕಿಗೆ ಹೋದರು. ಅಲ್ಲಿ 1912ರ ವಿಸ್ಕಾನ್ಸಿನ್ ಮಹಿಳಾ ಮತಾಧಿಕಾರ ಪ್ರಚಾರದ ನೇತೃತ್ವ ವಹಿಸಿದರು, ಜನಮತದಲ್ಲಿ ಸೋಲಾಯಿತು. 1913ರಲ್ಲಿ ಆ್ಯಲಿಸ್ ಪಾಲ್, ಲೂಸಿ ಬರ್ನ್ಸ್ ಮೊದಲಾದವರೊಡನೆ ಸೇರಿ ಮತಾಧಿಕಾರಕ್ಕಾಗಿ ಕಾಂಗ್ರೆಷನಲ್ ಯೂನಿಯನ್ ಸ್ಥಾಪಿಸಿದರು. ಈ ವಿವಾಹವು 1916ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು. ಜೀವನಾಂಶ ಪಡೆಯಲು ಅವರು ನಿರಾಕರಿಸಿದರು. ಅದೇ ವರ್ಷ ವಾಲ್ಟರ್ ಫುಲ್ಲರ್ ಅವರನ್ನು ಮದುವೆಯಾದರು. ದಂಪತಿಗೆ ಇಬ್ಬರು ಮಕ್ಕಳು.

ಮೊದಲ ಮಹಾಯುದ್ಧದ ಕಾಲದಲ್ಲಿ ಯುದ್ಧವನ್ನು ವಿರೋಧಿಸುವವರ ವಾಕ್ ಸ್ವಾತಂತ್ರ್ಯ ರಕ್ಷಿಸಲು ರೋಜರ್ ಬಾಲ್ಡ್‌ವಿನ್ ಅವರೊಂದಿಗೆ ಕಟ್ಟಿದ ಸಂಘಟನೆಯಿಂದಲೇ 1920ರಲ್ಲಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ರೂಪುಗೊಂಡಿತು. 1918ರಲ್ಲಿ ತಮ್ಮನೊಡನೆ 'ದಿ ಲಿಬರೇಟರ್' ಪತ್ರಿಕೆ ಆರಂಭಿಸಿದರು. 1920ರ ದಶಕದಲ್ಲಿ ಕೆಲವು ಕಾಲ ಲಂಡನ್‌ನಲ್ಲಿದ್ದು ಮಹಿಳಾ ಸಮಾನತೆಯ ಬಗ್ಗೆ ಲೇಖನಗಳನ್ನು ಬರೆದರು.

1927ರಲ್ಲಿ ಪತಿ ನಿಧನರಾದರು. ಮರುವರ್ಷ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಈರಿಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಈಸ್ಟ್‌ಮನ್ ತೀರಿಕೊಂಡರು. ಆಗ ಅವರ ವಯಸ್ಸು 47. 2000ರಲ್ಲಿ ಅವರ ಹೆಸರನ್ನು ಅಮೆರಿಕದ ರಾಷ್ಟ್ರೀಯ ಮಹಿಳಾ ಗೌರವ ಪಟ್ಟಿಗೆ ಸೇರಿಸಲಾಯಿತು.