ತಂದೆಯ ಮಾತು ಬೆಳೆಸಿದ ಲೇಖಕಿ

ಹತ್ತನೇ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ನಂಜನಗೂಡು ತಿರುಮಲಾಂಬಾ ಅವರ ಬದುಕು ಅಲ್ಲಿಗೇ ಅಡುಗೆಮನೆಯ ಮೂಲೆ ಸೇರಿದ್ದರೂ ಆ ಕಾಲದ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಆದರೆ ಅದೇ ಹುಡುಗಿ ಮುಂದೆ ಕಾದಂಬರಿ ಬರೆದರು, ಪುಸ್ತಕ ಪ್ರಕಟಿಸಿದರು, ಪತ್ರಿಕೆಯ ಸಂಪಾದಕಿಯಾದರು. ಹೊಸಗನ್ನಡದ ಮೊದಲ ಲೇಖಕಿಯರನ್ನು ಹೆಸರಿಸುವಾಗ ಅವರ ಹೆಸರು ಮೊದಲಿಗೇ ಬರುತ್ತದೆ. ನಮ್ಮಲ್ಲಿ ಹಲವರು ಆ ಹೆಸರನ್ನು ಪರೀಕ್ಷೆಗಾಗಿ ಒಂದು ಅಂಕದ ಉತ್ತರವಾಗಿ ಬಾಯಿಪಾಠ ಮಾಡಿದ್ದೇವೆ, ಅಷ್ಟೇ. ಆ ಹೆಸರಿನ ಹಿಂದೆ ಒಬ್ಬ ತಂದೆ ಇದ್ದಾರೆ.

ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ನಂಜನಗೂಡಿನಲ್ಲಿ ವಕೀಲರು. ಸಂಪ್ರದಾಯಸ್ಥ ಶ್ರೀವೈಷ್ಣವ ಮನೆತನ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆ ಮಾಡಬಾರದೆಂದು ಮೈಸೂರು ಸಂಸ್ಥಾನ 1894ರಲ್ಲೇ ಕಾನೂನು ತಂದಿತ್ತು. ಇದನ್ನು ಓದಿದಾಗ ಎಂಥವರಿಗೂ ಒಂದು ಕ್ಷಣ ಖುಷಿಯಾಗುತ್ತದೆ. ಆದರೆ ಎಂಟು ದಾಟಿದರೆ ಸಾಕು, ಕಾನೂನು ಕೈಕಟ್ಟಿ ನಿಲ್ಲುತ್ತಿತ್ತು. ಹತ್ತರ ಈ ಬಾಲಕಿಗೆ ಅದರಿಂದ ಯಾವ ರಕ್ಷಣೆಯೂ ಸಿಗಲಿಲ್ಲ. ನಾಲ್ಕೇ ವರ್ಷದಲ್ಲಿ ಗಂಡ ತೀರಿಕೊಂಡರು.

ಬಾಲವಿಧವೆಯ ಪಾಡು ಏನಾಗಿತ್ತು ಎಂಬುದು ಗುಟ್ಟೇನಲ್ಲ. 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿಯ ವಸ್ತುವೇ ಅದು. ಅವಳು ಎದುರು ಬಂದರೆ ಅಪಶಕುನ, ಮಂಗಳಕಾರ್ಯಕ್ಕೆ ಬರಬಾರದು, ಗಂಡನನ್ನು ನುಂಗಿದವಳು. ಇನ್ನೂ ಮಗುವೇ ಆಗಿರುವ ಹುಡುಗಿಗೆ ಬೀದಿ, ಬಂಧುಬಳಗ ಎಲ್ಲವೂ ಇದನ್ನೇ ದಿನದಿನವೂ ಹೇಳಿದರೆ ಅವಳು ಅದನ್ನು ನಂಬದೇ ಏನು ಮಾಡಿಯಾಳು? ತಾನು ಯಾರು ಎಂಬುದನ್ನು ಮಕ್ಕಳು ಕನ್ನಡಿಯಿಂದ ತಿಳಿಯುವುದಿಲ್ಲ, ಸುತ್ತಲಿನವರ ಮಾತಿನಿಂದ ತಿಳಿಯುತ್ತಾರೆ. ಅದರಲ್ಲೂ ಅಪ್ಪ ಅಮ್ಮನ ಮಾತು ಎಲ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ.

ಬೀದಿಯ ಬಾಯಿ ಮುಚ್ಚಿಸಲು ವಕೀಲರಿಗೂ ಸಾಧ್ಯವಿರಲಿಲ್ಲ. ಮನೆಯೊಳಗೆ ಮಗಳು ಯಾವ ಮಾತು ಕೇಳುತ್ತಾ ಬೆಳೆಯಬೇಕು ಎಂಬುದು ಮಾತ್ರ ಅವರ ಕೈಯಲ್ಲಿತ್ತು. ಅವರು ಮಗಳನ್ನು ಓದಲು ಹುರಿದುಂಬಿಸಿದರು, ಬರೆಯಲು ಬೆನ್ನುತಟ್ಟಿದರು. ಮನೆಯೇ ಪಾಠಶಾಲೆಯಾಯಿತು. ಕನ್ನಡದ ಜೊತೆಗೆ ತಮಿಳು, ತೆಲುಗು ಕೂಡ ಆಕೆಗೆ ಒಲಿದವು. ಅಯ್ಯಂಗಾರ್ಯರು ಕ್ರಾಂತಿಕಾರಿಯೇನಲ್ಲ. ಮಗಳಿಗೆ ಮರುಮದುವೆ ಮಾಡಿಸಲಿಲ್ಲ, ಸಂಪ್ರದಾಯದ ವಿರುದ್ಧ ಬಾವುಟ ಹಿಡಿಯಲಿಲ್ಲ. ಇಂದಿನ ಕಣ್ಣಿನಿಂದ ನೋಡಿದರೆ ಅದು ಸಾಲದು ಅನ್ನಿಸಬಹುದು, ನನಗೂ ಅನ್ನಿಸುತ್ತದೆ. ಆದರೂ ಮುಗಿಯಿತು ಎಂದು ಊರೆಲ್ಲ ಅಂದುಕೊಂಡ ಬದುಕಿನ ಬಗ್ಗೆ, ಇನ್ನೂ ಶುರುವಾಗಬೇಕಿದೆ ಎಂಬಂತೆ ನಡೆದುಕೊಂಡ ಅಪ್ಪ ಅವರು.

ಇಲ್ಲೊಂದು ವಿಷಯ ಗಮನಿಸಬೇಕು. ಪ್ರೋತ್ಸಾಹ ಎಂದರೆ ಬರೀ ಹೊಗಳಿಕೆಯಲ್ಲ. ನೀನು ಜಾಣೆ, ನೀನು ಚಿನ್ನ ಎಂದಷ್ಟೇ ಹೇಳಿದರೆ ಅಳುವ ಮಗು ಆ ಕ್ಷಣಕ್ಕೆ ಸುಮ್ಮನಾಗಬಹುದು, ಮರುದಿನ ಬೆಳಿಗ್ಗೆ ಏಳಲು ಕಾರಣ ಸಿಗುವುದಿಲ್ಲ. ಓದು, ಬರಿ ಎಂಬ ಮಾತಿನ ಹಿಂದೆ ಇದು ನಿನ್ನಿಂದ ಆಗುತ್ತದೆ ಎಂಬ ನಂಬಿಕೆ ಅಡಗಿದೆ, ಜೊತೆಗೆ ಮಾಡಲು ಒಂದು ಕೆಲಸವೂ ಇದೆ. ದುಃಖದಲ್ಲಿರುವ ಮಗುವಿಗೆ ಈ ಎರಡೂ ಬೇಕು.

ನಮ್ಮ ಕೊಳಾಲದ ಕಡೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾವ ಬೀದಿಯಲ್ಲಿ ನಡೆದರೂ ಬೈಗುಳ ಕಿವಿಗೆ ಬೀಳುತ್ತದೆ. ದನ ಕಾಯೋಕೆ ಹೋಗು, ಪಕ್ಕದ ಮನೆಯವನನ್ನು ನೋಡಿ ಕಲಿ, ನಿನ್ನ ಹಣೆಬರಹ ಇಷ್ಟೇ. ಬೈಯುವವರಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಮಳೆ ನಂಬಿ ಕಡಲೆಕಾಯಿ ಬಿತ್ತುವವರಿಗೆ ಮಕ್ಕಳ ಓದೇ ದೊಡ್ಡ ಭರವಸೆ. ಆ ಆತಂಕವೇ ಬಾಯಲ್ಲಿ ಬೈಗುಳವಾಗುತ್ತದೆ. ಆದರೆ ಒಳಗಿನ ಆತಂಕ ಮಗುವಿಗೆ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ಆರು ತಿಂಗಳಾದ ಮೇಲೆ ಅಪ್ಪನಿಗೆ ಅದು ನೆನಪೂ ಇರುವುದಿಲ್ಲ, ಮಗನಿಗೆ ಇರುತ್ತದೆ.

ತಿರುಮಲಾಂಬಾ 1913ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆ ಆರಂಭಿಸಿದರು. ‘ಸುಶೀಲೆ’ ಕಾದಂಬರಿ ಅದರಲ್ಲೇ ಬಂತು. ಹೆಣ್ಣೊಬ್ಬಳು ತನ್ನ ಹೆಸರಿನಲ್ಲಿ ಬರೆಯುವುದೇ ಅಪರೂಪವಾಗಿದ್ದಾಗ ಈಕೆ ಪ್ರಕಾಶಕಿಯೂ ಆದರು. ‘ನಭಾ’, ‘ವಿರಾಗಿಣಿ’ ಮುಂತಾದ ಕೃತಿಗಳು ಹಿಂದೆಯೇ ಬಂದವು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಹೆಂಗಸರಿಗಾಗಿಯೇ ನಡೆಸಿದರು. ಅವರ ಕಾದಂಬರಿಗಳಲ್ಲಿ ಉಪದೇಶ ಹೆಚ್ಚು, ಪತಿವ್ರತೆಯರ ಆದರ್ಶವೂ ಹೆಚ್ಚು. ಈಗ ಓದುವಾಗ ಕೆಲವು ಕಡೆ ತಾಳ್ಮೆ ಬೇಕಾಗುತ್ತದೆ. ಆದರೆ ಯಾರಿಗಾಗಿ ಬರೆದರು ಎಂಬುದನ್ನು ನೋಡಬೇಕು. ಓದು ಬರಹ ಈಗಷ್ಟೇ ಕಲಿಯುತ್ತಿದ್ದ, ಮನೆಯಿಂದ ಹೊರಗೆ ಕಾಲಿಡದ ಹೆಣ್ಣುಮಕ್ಕಳಿಗಾಗಿ. ತನಗೆ ತಂದೆ ಕೊಟ್ಟ ಧೈರ್ಯವನ್ನು, ಅಂಥ ತಂದೆ ಇಲ್ಲದವರಿಗೆ ಅವರು ಅಂಚೆಯಲ್ಲಿ ಕಳುಹಿಸುತ್ತಿದ್ದರು ಎಂದರೂ ತಪ್ಪಾಗದು.

ಕೊನೆಯ ವರ್ಷಗಳನ್ನು ಅವರು ಮದ್ರಾಸಿನಲ್ಲಿ ಕಳೆದರು. ಕನ್ನಡನಾಡು ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. 1982ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ‘ಶಾಶ್ವತಿ’ ಸಂಸ್ಥೆ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ನೀಡುತ್ತಾ ಬಂದಿದೆ.